ಎರಡು ಬೀಗದ ಬಾಗಿಲು

"ಬುದ್ಧೀ, ಊರು ನೆಮ್ಮದಿಯಾಗಿದ್ದರೆ ಅದರೊಳಗಿನ ಒಬ್ಬೊಬ್ಬನೂ ನೆಮ್ಮದಿಯಾಗಿರುತ್ತಾನೆ, ಆದ್ದರಿಂದ ಊರು ಮೊದಲು ಎನ್ನುತ್ತಾರೆ ಚೀನಾದವರು. ಒಬ್ಬನಿಗೆ ಅನ್ಯಾಯವಾದರೂ ಆ ಊರಿನ ನೆಮ್ಮದಿ ಸುಳ್ಳು, ಆದ್ದರಿಂದ ಆ ಒಬ್ಬ ಮೊದಲು ಎನ್ನುತ್ತಾರೆ ಪಶ್ಚಿಮದವರು. ಇವೆರಡರಲ್ಲಿ ನ್ಯಾಯ ಯಾವುದು?"

ಕೇಳಿದವನು ಮಠದ ಶಿಷ್ಯ ಮರುಳಸಿದ್ಧ. ಕೇಳಿಸಿಕೊಂಡವರು ಗುರುಗಳಾದ ನಿರ್ವಾಣಯ್ಯನವರು. ಅವರಿಗೆ ವಯಸ್ಸಾಗಿತ್ತು. ಮಂಡಿ ನೋಯುತ್ತಿತ್ತು. ಬೆಳಗಿನಿಂದ ಬಂದವರ ಅಹವಾಲುಗಳನ್ನು ಕೇಳಿ ಕೇಳಿ ದಣಿದಿದ್ದರು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದವರು ಕಣ್ಣು ತೆರೆಯದೆಯೇ ಕೇಳಿದರು.

"ಊಟದ ಹೊತ್ತಿನಲ್ಲಿ ಚೀನಾ ಎಲ್ಲಿಂದ ಬಂತಪ್ಪ?"

"ಪಾರುಪತ್ಯಗಾರ ಶಿವನಂಜಪ್ಪನವರಿಗೂ ನನಗೂ ಮಾತು ಬೆಳೆಯಿತು, ಬುದ್ಧೀ. ಬೋರಣ್ಣನ ವಿಷಯ."

ಬೋರಣ್ಣ ಯಾರೆಂದು ಗುರುಗಳಿಗೆ ಗೊತ್ತಿತ್ತು. ದಿನವೂ ದಾಸೋಹಕ್ಕೆ ಬರುವವನು. ಪಂಕ್ತಿಯಲ್ಲಿ ಕೂತು ಅಕ್ಕಪಕ್ಕದವರನ್ನು ಬಾಯಿಗೆ ಬಂದಂತೆ ಬೈಯುವವನು. ಹಿಂದಿನ ದಿನ ಒಬ್ಬ ಮುದುಕಿಯ ಎಲೆಗೆ ನೀರು ಚೆಲ್ಲಿದ್ದ.

"ಅವನನ್ನು ಹೊರಗಿಟ್ಟರೆ ಉಳಿದವರೆಲ್ಲ ನೆಮ್ಮದಿಯಾಗಿ ಉಣ್ಣುತ್ತಾರೆ ಎನ್ನುತ್ತಾರೆ ಶಿವನಂಜಪ್ಪನವರು. ಹಸಿದು ಬಂದ ಒಬ್ಬನನ್ನೂ ಹೊರಗಿಡುವ ಹಕ್ಕು ನಮಗಿಲ್ಲ ಎನ್ನುತ್ತೇನೆ ನಾನು. ಅವರು ಚೀನಾದ ಮಾತು ತೆಗೆದರು. ನಾನು ಮಾನವ ಹಕ್ಕಿನ ಮಾತು ತೆಗೆದೆ. ಇತ್ಯರ್ಥವಾಗಲಿಲ್ಲ. ತಾವು ಹೇಳಿದಂತೆ ನಡೆಯುವುದು ಅಂತ ಇಬ್ಬರೂ ಒಪ್ಪಿದ್ದೇವೆ."

ಮರುಳಸಿದ್ಧ ಮಾತಾಡುವಾಗ ಅವನ ಕೈ ಸೊಂಟದ ದಾರಕ್ಕೆ ಕಟ್ಟಿದ್ದ ಉಗ್ರಾಣದ ಬೀಗದ ಕೈಯನ್ನು ತಿರುವುತ್ತಿತ್ತು. ಹೊರಗೆ ಜಗಲಿಯ ಕಡೆಯಿಂದ ಜನರ ಗುಜುಗುಜು ಕೇಳುತ್ತಿತ್ತು. ಅಡುಗೆಮನೆಯ ಕಡೆಯಿಂದ ಏನೂ ಕೇಳುತ್ತಿರಲಿಲ್ಲ.

"ಶಿವನಂಜಪ್ಪ ಎಲ್ಲಿ?"

"ತಮ್ಮ ಬೀಗದ ಕೈ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತಿದ್ದಾರೆ, ಬುದ್ಧೀ. ನನ್ನ ಜೊತೆ ಒಳಗೆ ಬರುವುದಿಲ್ಲವಂತೆ."

ಗುರುಗಳು ನಿಟ್ಟುಸಿರುಬಿಟ್ಟರು.

"ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡೆದದ್ದೋ ಯಾರೋ ಕಟ್ಟಿದ್ದೋ ಅಂತ ಕೇಳಬೇಡ. ನನಗೆ ಹೇಳಿದವರೂ ಅದನ್ನು ಹೇಳಲಿಲ್ಲ. ಆ ದೇಶದವರ ಹೆಸರುಗಳು ನನ್ನ ನಾಲಿಗೆಗೆ ಹತ್ತುವುದಿಲ್ಲ. ಅಧಿಕಾರಿ, ನ್ಯಾಯಾಧೀಶ, ದೋಣಿಯವನು ಅಂದುಬಿಡುತ್ತೇನೆ. ಅಷ್ಟು ಸಾಕು."

ಹೀಗೆಂದು ಗುರುಗಳು ಹೇಳತೊಡಗಿದರು.

ಚೀನಾದ ಕರಾವಳಿಯಲ್ಲಿ ಒಂದು ಬಂದರು ಇತ್ತು. ಪಶ್ಚಿಮದವರ ಹಡಗುಗಳು ಅಲ್ಲಿಗೆ ಬಂದವು. ಮೊದಲು ವ್ಯಾಪಾರವಾಯಿತು, ಆಮೇಲೆ ಯುದ್ಧವಾಯಿತು, ಕೊನೆಗೆ ಒಪ್ಪಂದವಾಯಿತು. ಒಪ್ಪಂದದಲ್ಲಿ ಬಂದರು ಇಬ್ಬರ ಕೈಗೂ ಬಂತು. ಇಬ್ಬರದು ಅಂದಮೇಲೆ ನ್ಯಾಯ ಹೇಳುವವರೂ ಇಬ್ಬರಾಗಬೇಕಲ್ಲ. ಒಂದೇ ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿದರು. ಒಂದರಲ್ಲಿ ಚೀನಾದ ಅಧಿಕಾರಿ, ಇನ್ನೊಂದರಲ್ಲಿ ಪಶ್ಚಿಮದ ನ್ಯಾಯಾಧೀಶ. ಸೆರೆಮನೆ ಮಾತ್ರ ಒಂದೇ. ಅದರ ಬಾಗಿಲಿಗೆ ಎರಡು ಬೀಗ ಹಾಕಿದರು. ಒಂದರ ಕೈ ಅಧಿಕಾರಿಯ ಹತ್ತಿರ, ಇನ್ನೊಂದರ ಕೈ ನ್ಯಾಯಾಧೀಶನ ಹತ್ತಿರ. ಒಬ್ಬ ಒಪ್ಪದೆ ಇನ್ನೊಬ್ಬ ಯಾರನ್ನೂ ಬಿಡಬಾರದು ಅಂತ ಈ ಏರ್ಪಾಡು. ಮಾಡಿದವರಿಗೆ ಅದು ಭಾರಿ ಜಾಣತನ ಅನ್ನಿಸಿರಬೇಕು.

ಆ ಊರಿನಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಹತ್ತು ಮನೆ ಸೇರಿ ಒಂದು ಕಟ್ಟು. ನೀರಿನ ಮೇಲೆ ಬಾಳುವವರಿಗೆ ಹತ್ತು ದೋಣಿ ಸೇರಿ ಒಂದು ಕಟ್ಟು. ಕಟ್ಟಿಗೊಬ್ಬ ಯಜಮಾನ. ಕಟ್ಟಿನಲ್ಲಿ ಯಾರು ತಪ್ಪು ಮಾಡಿದರೂ ಯಜಮಾನ ಹೊಣೆ. ತಪ್ಪು ಮಾಡಿದವನು ಸಿಗದಿದ್ದರೆ ಯಜಮಾನನನ್ನು ಹಿಡಿದು ಕೂಡಿಹಾಕುವುದು. ತಪ್ಪು ಮಾಡಿದವನು ಬಂದು ತನ್ನನ್ನು ಒಪ್ಪಿಸಿಕೊಂಡಾಗ ಯಜಮಾನನನ್ನು ಬಿಡುವುದು.

ಒಬ್ಬ ದೋಣಿಯವನು ಹಾಗೆ ಒಂದು ಕಟ್ಟಿನ ಯಜಮಾನನಾಗಿದ್ದ. ವಯಸ್ಸಾದವನು. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ದೋಣಿ ನಡೆಸುವುದರಲ್ಲಿ ಅಪ್ಪನಿಗೆ ಜೊತೆಯಾಗಿದ್ದಳು. ಅವರ ಕಟ್ಟಿನ ಇನ್ನೊಂದು ದೋಣಿಯವನು ಪಶ್ಚಿಮದ ವರ್ತಕನೊಬ್ಬನ ಮಳಿಗೆಯಿಂದ ರೇಷ್ಮೆ ಕದ್ದು ಊರುಬಿಟ್ಟ. ಅಧಿಕಾರಿ ಪದ್ಧತಿಯಂತೆ ಯಜಮಾನನನ್ನು ಹಿಡಿಸಿದ. ಮುದುಕ ಎದುರಾಡದೆ ಹೊರಟ. ಹೊಣೆ ಹೊತ್ತವನು ಹೋಗಲೇಬೇಕಲ್ಲ ಅಂದುಕೊಂಡ. ಹೋಗುವಾಗ ಮಗಳಿಗೆ, ದೋಣಿಯ ತಳ ಸೋರುತ್ತಿದೆ, ನೋಡಿಕೋ ಅಂದ. ಅಷ್ಟೆ.

ಮಾರನೆಯ ದಿನ ಕಟ್ಟೆಯ ಮೇಲೆ ವಾದ ಶುರುವಾಯಿತು.

ನ್ಯಾಯಾಧೀಶ ಹೇಳಿದ, "ಕದ್ದವನು ಒಬ್ಬ, ಒಳಗಿರುವವನು ಇನ್ನೊಬ್ಬ. ಇದು ಯಾವ ಸೀಮೆಯ ನ್ಯಾಯ? ಮನುಷ್ಯ ತಾನು ಮಾಡಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ನಿರಪರಾಧಿಯನ್ನು ಕೂಡಿಟ್ಟು ಊರು ಸುಖವಾಗಿರುವುದಾದರೆ ಆ ಸುಖವನ್ನು ನಾನು ಮುಟ್ಟುವುದಿಲ್ಲ."

ಅಧಿಕಾರಿ ಹೇಳಿದ, "ಕಳ್ಳ ಆಕಾಶದಿಂದ ಉದುರಿದವನಲ್ಲ. ಹತ್ತು ದೋಣಿಯ ನಡುವೆ ಬೆಳೆದವನು. ಅವನ ಕೈ ತಪ್ಪುದಾರಿ ಹಿಡಿಯುವಾಗ ಈ ಹತ್ತೂ ದೋಣಿಯವರು ಎಲ್ಲಿ ನೋಡುತ್ತಿದ್ದರು? ಒಬ್ಬನ ಕಷ್ಟ ನೋಡಿ ನಾನು ಕಟ್ಟು ಬಿಚ್ಚಿದೆ ಅಂತಿಟ್ಟುಕೊಳ್ಳಿ. ಪ್ರವಾಹ ಬಂದಾಗ ಒಬ್ಬರ ಗಂಜಿ ಇನ್ನೊಬ್ಬರು ಹಂಚಿ ಕುಡಿಯುವುದೂ ಇದೇ ಕಟ್ಟಿನಿಂದ. ಅದೂ ಬಿಚ್ಚಿಹೋಗುತ್ತದೆ. ಸರ್ಕಾರ ಅಂದರೆ ತಂದೆತಾಯಿ. ನಾನು ಮನೆಯನ್ನೆಲ್ಲ ನೋಡಬೇಕು."

"ತಂದೆತಾಯಿಯೇ ತಪ್ಪು ಮಾಡಿದರೆ ಮಗು ಯಾರ ಹತ್ತಿರ ಹೋಗಬೇಕು?" ಅಂದ ನ್ಯಾಯಾಧೀಶ. "ಹಕ್ಕು ಅನ್ನುವುದು ಸರ್ಕಾರ ಕೈಯೆತ್ತಿ ಕೊಡುವುದಲ್ಲ. ಹುಟ್ಟುವಾಗಲೇ ಬಂದದ್ದು."

ಈಗ ನಿನ್ನ ಮುಖ ಅರಳಿರಬೇಕು. ತಡಿ ಮಾರಾಯ, ಇನ್ನೂ ಇದೆ.

ಅಧಿಕಾರಿ ನಕ್ಕು ಕೇಳಿದ, "ನಿಮ್ಮ ಹಡಗುಗಳು ತೋಪು ಹೊತ್ತು ನಮ್ಮ ಬಂದರಿಗೆ ನುಗ್ಗಿದಾಗ, ನಮ್ಮ ಜನ ಹುಟ್ಟುವಾಗ ತಂದ ಹಕ್ಕು ಎಲ್ಲಿಗೆ ಹೋಗಿತ್ತು?"

ನ್ಯಾಯಾಧೀಶನ ಮುಖ ಕೆಂಪಾಯಿತು. ಅವನೂ ಕೇಳಿದ, "ಒಳಗಿರುವವನು ನಿಮ್ಮ ತಂದೆಯೇ ಆಗಿದ್ದರೆ?"

ಅಧಿಕಾರಿ ಚಹಾ ತರಲು ಹೇಳಿದ. ಇಬ್ಬರೂ ಕುಡಿದರು. ನಾಳೆ ಮುಂದುವರಿಸೋಣ ಅಂತ ಎದ್ದರು.

ಇಬ್ಬರೂ ಒಳ್ಳೆಯವರೇ, ಮರುಳಸಿದ್ಧ. ಅದೇ ಕಷ್ಟ. ಒಬ್ಬ ಕೆಟ್ಟವನಾಗಿದ್ದರೆ ಈ ಕತೆ ಇಷ್ಟು ಉದ್ದ ಆಗುತ್ತಿರಲಿಲ್ಲ. ಅಧಿಕಾರಿ ಯಾರ ಕಾಣಿಕೆಯನ್ನೂ ಮುಟ್ಟದವನು. ನ್ಯಾಯಾಧೀಶ ತನ್ನ ದೇಶದ ವರ್ತಕರ ಬೈಗುಳ ತಿಂದು ಆ ಮುದುಕನ ಪರವಾಗಿ ನಿಂತವನು. ಇಬ್ಬರೂ ಓದಿಕೊಂಡವರು. ದಿನ ಕಳೆದಂತೆ ಒಬ್ಬರ ಮಾತು ಇನ್ನೊಬ್ಬರಿಗೆ ರುಚಿಸತೊಡಗಿತು. ಇಷ್ಟು ಚೆನ್ನಾಗಿ ವಾದ ಮಾಡುವವನು ತನಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ ಅಂತ ಇಬ್ಬರಿಗೂ ಅನ್ನಿಸಿತು. ಕೇಳಲು ಊರಿನವರೂ ಬಂದು ಕೂರುತ್ತಿದ್ದರು.

ಮಗಳು ದಿನಾ ಗಂಜಿ ತರುತ್ತಿದ್ದಳು. ಸೆರೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರೊಳಗೆ ಬಟ್ಟಲು ತೂರಿಸಿ ಅಪ್ಪ ಕುಡಿಯುವವರೆಗೆ ಹೊರಗೆ ನಿಲ್ಲುತ್ತಿದ್ದಳು. ಅಪ್ಪನಿಗೆ ಕೆಮ್ಮು ಶುರುವಾಗಿತ್ತು. ನೀರಿನ ಮೇಲೆ ಗಾಳಿಗೆ ಬೆಳೆದ ದೇಹ, ನಾಲ್ಕು ಗೋಡೆಯ ತೇವಕ್ಕೆ ತಡೆಯಲಿಲ್ಲ. ಬಟ್ಟಲಿನಲ್ಲಿ ದಿನದಿನಕ್ಕೆ ಗಂಜಿ ಹೆಚ್ಚು ಉಳಿಯತೊಡಗಿತು. ಅಪ್ಪ ಬದುಕಿ ಹೊರಗೆ ಬರಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಊರು ಮೊದಲೋ ಒಬ್ಬ ಮೊದಲೋ ಅವಳಿಗೆ ಗೊತ್ತಿರಲಿಲ್ಲ.

ಹಾಗಿರುವಾಗ ಚೀನಾದವರು ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜೆ ಮಾಡುವ ಹಬ್ಬ ಬಂತು. ಅವತ್ತು ಕಟ್ಟೆಗೆ ರಜೆ. ಅಧಿಕಾರಿ ತನ್ನ ತಂದೆಯ ಸಮಾಧಿಗೆ ಹೋದ. ಹುಲ್ಲು ಕಿತ್ತ, ಗುಡಿಸಿದ, ಕಲಸನ್ನ ಇಟ್ಟು ಕೈಮುಗಿದ. ಕೈಮುಗಿದವನಿಗೆ ನ್ಯಾಯಾಧೀಶ ಕೇಳಿದ ಮಾತು ನೆನಪಾಯಿತು. ನೆಟ್ಟಗೆ ಸೆರೆಮನೆಗೆ ಬಂದು ಯಾರೂ ನೋಡದ ಹಾಗೆ ತನ್ನ ಬೀಗ ತೆಗೆದ. ಬಾಗಿಲು ತೆರೆಯಲಿಲ್ಲ. ಇನ್ನೊಂದು ಬೀಗ ಇತ್ತಲ್ಲ.

ಒಳಗೆ ಮುದುಕನಿಗೆ ಬೀಗದ ಸದ್ದು ಕೇಳಿಸಿತು. ಅವನು ಎದ್ದ. ಹಚ್ಚಡ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ಬಂದು ನಿಂತ.

ಅಧಿಕಾರಿ ನ್ಯಾಯಾಧೀಶನಿಗೆ ಹೇಳಿಕಳಿಸಬಹುದಿತ್ತು. ಒಂದು ಓಣಿ ದಾಟಿದರೆ ಅವನ ಮನೆ. ಹೇಳಿಕಳಿಸಲಿಲ್ಲ. ಹೇಳಿಕಳಿಸಿದರೆ ತಾನು ಸೋತಂತೆ ಆಗುತ್ತದೆ. ತಾನು ಸೋತರೆ ತನ್ನ ದೇಶವೇ ಸೋತಂತೆ. ಅವನು ದಿನಾ ಹಕ್ಕು ಹಕ್ಕು ಅಂತ ಬಡಿದುಕೊಳ್ಳುತ್ತಾನಲ್ಲ, ಅವನೇ ಬಂದು ತನ್ನದನ್ನು ತೆಗೆಯಲಿ, ನನ್ನದು ತೆರೆದಿರುವುದು ಕಂಡರೆ ಸಾಕು ಅಂದುಕೊಂಡು ಸಂಜೆಯವರೆಗೆ ಕಾದ. ಯಾರೂ ಬರಲಿಲ್ಲ. ತೆರೆದ ಬೀಗ ನೋಡಿ ಊರವರು ಏನಾದರೂ ಅಂದಾರು ಅಂತ ಹೆದರಿ ಮತ್ತೆ ಹಾಕಿ ಹೋದ.

ಮುದುಕ ಆ ಸದ್ದನ್ನೂ ಕೇಳಿದ. ಹಚ್ಚಡ ಹಾಸಿ ಮಲಗಿಕೊಂಡ.

ಸ್ವಲ್ಪ ದಿನಕ್ಕೆ ನ್ಯಾಯಾಧೀಶನ ಸರದಿ ಬಂತು. ಅವತ್ತು ಭಾನುವಾರ. ಅವನು ಪ್ರಾರ್ಥನೆ ಮುಗಿಸಿ ಬರುತ್ತಿದ್ದ. ಸೆರೆಮನೆಯ ಪಕ್ಕದಲ್ಲಿ ಕೆಮ್ಮು ಕೇಳಿಸಿತು. ದೇವರ ಮನೆಯಿಂದ ಬಂದು ಇದನ್ನು ಕೇಳಿಯೂ ಹೋಗುವುದು ಹೇಗೆ ಅಂತ ನಿಂತ. ಜೇಬಿನಿಂದ ಬೀಗದ ಕೈ ತೆಗೆದು ತನ್ನ ಬೀಗ ತೆಗೆದ. ಅಧಿಕಾರಿಯದು ಹಾಕಿಯೇ ಇತ್ತು.

ಅವನೂ ಹೇಳಿಕಳಿಸಬಹುದಿತ್ತು. ಹೇಳಿಕಳಿಸಲಿಲ್ಲ. ಇಬ್ಬರೂ ಸಹಿ ಹಾಕಿದ ತೀರ್ಪಿಲ್ಲದೆ ಬೀಗಕ್ಕೆ ಕೈ ಹಾಕುವುದೇ ಒಪ್ಪಂದಕ್ಕೆ ವಿರುದ್ಧ. ಕಾನೂನು ಕಾನೂನು ಅಂತ ಕಟ್ಟೆಯ ಮೇಲೆ ಅಷ್ಟು ಮಾತಾಡಿದವನು, ತಾನೇ ಕಾನೂನು ಮುರಿದೆ ಅಂತ ಯಾವ ಬಾಯಲ್ಲಿ ಹೇಳುತ್ತಾನೆ? ಆ ಅಧಿಕಾರಿ ತಂದೆತಾಯಿ ಅಂತ ಅಷ್ಟು ಮಾತಾಡುತ್ತಾನಲ್ಲ, ಆ ತಂದೆತಾಯಿಯೇ ಬಂದು ತೆಗೆಯಲಿ ಅಂದುಕೊಂಡ. ಸಂಜೆಯವರೆಗೆ ಕಾದ. ಮತ್ತೆ ಹಾಕಿದ.

ಈ ಸಲ ಮುದುಕ ಏಳಲಿಲ್ಲ.

ಎರಡು ಸಲವೂ ಮಗಳು ಕಿಂಡಿಯ ಹತ್ತಿರ ಇದ್ದಳು. ಇಬ್ಬರನ್ನೂ ನೋಡಿದ್ದಳು. ಮೊದಲ ಸಲ ಅವಳಿಗೆ ಆಸೆ ಹುಟ್ಟಿತ್ತು. ಎರಡನೆಯ ಸಲ ಮೈಯೆಲ್ಲ ಉರಿಯಿತು. ಕಚೇರಿಯ ಮುಂದೆ ಒಂದು ದೊಡ್ಡ ನಗಾರಿ ಇತ್ತು. ಅನ್ಯಾಯವಾದವರು ಅದನ್ನು ಬಾರಿಸಿ ದೂರು ಕೊಡಬಹುದು ಅಂತ ಹಳೆಯ ಕಾಲದ ರಾಜ ಇಡಿಸಿದ್ದ. ಯಾರೂ ಬಾರಿಸುತ್ತಿರಲಿಲ್ಲ. ಬಾರಿಸಿದವರಿಗೆ, ದೊರೆಯ ನೆಮ್ಮದಿ ಕೆಡಿಸಿದ್ದಕ್ಕೆ, ಮೊದಲು ಛಡಿಯೇಟು ಬೀಳುತ್ತಿತ್ತು. ಅವಳು ಸೋಮವಾರ ಬೆಳಗ್ಗೆ ಬಂದು ಅದನ್ನು ಬಾರಿಸಿದಳು.

ಇಬ್ಬರೂ ಹೊರಗೆ ಬಂದರು.

"ನಿನ್ನ ಕಟ್ಟಿನ ಹಿರಿಯರು ಯಾರಮ್ಮ? ಅವರನ್ನು ಮುಂದಿಟ್ಟುಕೊಂಡು ಬರಬೇಕಲ್ಲ," ಅಂದ ಅಧಿಕಾರಿ.

"ನೀನು ಬರಬಹುದು ತಾಯಿ, ಅದು ನಿನ್ನ ಹಕ್ಕು. ಆದರೆ ಯಾವ ಕಲಮಿನ ಕೆಳಗೆ ದೂರು ಕೊಡುತ್ತೀಯ?" ಅಂದ ನ್ಯಾಯಾಧೀಶ.

ಅವಳು ಅಧಿಕಾರಿಯ ಕಡೆ ಬೆರಳು ತೋರಿಸಿ, "ನೀವು ಸಮಾಧಿಯ ಹಬ್ಬದ ದಿನ ಬೀಗ ತೆಗೆದಿರಿ," ಅಂದಳು. ನ್ಯಾಯಾಧೀಶನ ಕಡೆ ತಿರುಗಿ, "ನೀವು ನಿನ್ನೆ ತೆಗೆದಿರಿ," ಅಂದಳು. "ನಾನು ಎರಡನ್ನೂ ಕಣ್ಣಾರೆ ನೋಡಿದ್ದೇನೆ. ನನ್ನನ್ನು ಎಷ್ಟಾದರೂ ಹೊಡೆಯಿರಿ. ಇಬ್ಬರಿಗೂ ಒಂದೇ ದಿನ ಕನಿಕರ ಬರುವ ಹಾಗೆ ನಾನೇನು ಮಾಡಬೇಕು, ಅದನ್ನು ಹೇಳಿ."

ಅಧಿಕಾರಿ ನ್ಯಾಯಾಧೀಶನ ಮುಖ ನೋಡಿದ. ನ್ಯಾಯಾಧೀಶ ಅಧಿಕಾರಿಯ ಮುಖ ನೋಡಿದ. ಇನ್ನೊಬ್ಬನೂ ಬೀಗ ತೆಗೆದಿದ್ದ ಅಂತ ಇಬ್ಬರಿಗೂ ಆಗಲೇ ಗೊತ್ತಾದದ್ದು. ಇಬ್ಬರ ತಲೆಯೂ ಬಗ್ಗಿತು. ಛಡಿ ಹಿಡಿದು ನಿಂತಿದ್ದವನು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

ಇಬ್ಬರೂ ಸೆರೆಮನೆಗೆ ನಡೆದರು. ಇಬ್ಬರೂ ತಮ್ಮ ತಮ್ಮ ಬೀಗದ ಕೈ ತಿರುಗಿಸಿದರು. ಎರಡು ಬೀಗವೂ ಕಳಚಿದವು. ಅಧಿಕಾರಿ ತಾನೇ ಬಾಗಿಲು ತಳ್ಳಿದ. ಬಿಸಿಲು ಒಳಗೆ ಬಿತ್ತು.

ಮುದುಕ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ತಿರುಗಲಿಲ್ಲ. "ಹೊರಗೆ ಬಾರಪ್ಪ, ನಿನ್ನನ್ನು ಬಿಟ್ಟಿದ್ದೇವೆ," ಅಂದರು. ಅವನು ಕೂತೇ ಇದ್ದ. ಮಗಳು ಒಳಗೆ ಹೋಗಿ ಭುಜ ಮುಟ್ಟಿ, "ಅಪ್ಪಾ, ಬಾಗಿಲು ತೆಗೆದಿದೆ," ಅಂದಳು.

"ತಡಿಯಮ್ಮ," ಅಂದ ಮುದುಕ. "ಈಗ ಹಾಕುತ್ತಾರೆ."

ಅವಳು ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಗೆ ಬಂದಳು. ಅವರಿಬ್ಬರ ನಡುವೆಯೇ ದಾಟಿಹೋದಳು. ಅವರ ಕಡೆ ನೋಡಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಮುದುಕ ಕೆಲವು ದಿನ ದೋಣಿಯಲ್ಲಿ ಕೂತಿದ್ದ. ಪಕ್ಕದ ದೋಣಿಯಲ್ಲಿ ಯಾರಾದರೂ ಪೆಟ್ಟಿಗೆ ಮುಚ್ಚಿದರೆ ಬೆಚ್ಚುತ್ತಿದ್ದ. ದೋಣಿಯ ತಳ ಸರಿಮಾಡಿಸಿದೆ ಅಂತ ಮಗಳು ಹೇಳಿದ್ದು ಅವನಿಗೆ ತಿಳಿಯಿತೋ ಇಲ್ಲವೋ. ಆ ವರ್ಷದ ಗಾಳಿ ತಿರುಗುವ ಮುಂಚೆ ತೀರಿಕೊಂಡ. ಕದ್ದವನು ಬರಲೇ ಇಲ್ಲ. ಯಾವುದೋ ಹಡಗು ಹತ್ತಿ ಹೋದನಂತೆ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಕತೆ ಮುಗಿಯಲಿಲ್ಲ. ಅಧಿಕಾರಿಯೂ ನ್ಯಾಯಾಧೀಶನೂ ಮತ್ತೆ ಕಟ್ಟೆಗೆ ಬಂದು ಕೂತರು. ಸ್ವಲ್ಪ ದಿನ ಬೇರೆ ದೂರುಗಳನ್ನು ನೋಡಿದರು. ಆಮೇಲೆ ಒಬ್ಬ ಮೆಲ್ಲಗೆ ಕೇಳಿದ, ಆ ಮುದುಕ ಹೊರಗೆ ಬಂದನಲ್ಲ, ಅದು ಸರ್ಕಾರದ ಕರುಣೆಯಿಂದಲೋ ಅವನ ಹಕ್ಕಿನಿಂದಲೋ? ಇನ್ನೊಬ್ಬನ ಕಣ್ಣು ಹೊಳೆಯಿತು. ಚಹಾ ತರಿಸಿದರು. ಅವರಾದ ಮೇಲೆ ಅವರ ಶಿಷ್ಯರು, ಶಿಷ್ಯರಾದ ಮೇಲೆ ಪಂಡಿತರು. ಆ ವಾದ ಈಗ ನಮ್ಮ ಮಠದ ಬಾವಿಕಟ್ಟೆಯವರೆಗೆ ಬಂದಿದೆ.

ಗುರುಗಳು ಕತೆ ನಿಲ್ಲಿಸಿದರು. ಮಂಡಿಯನ್ನು ನೀವಿಕೊಂಡರು. ಮಾತಾಡಿ ಅವರಿಗೆ ಇನ್ನಷ್ಟು ಆಯಾಸವಾಗಿತ್ತು.

ಮರುಳಸಿದ್ಧನ ಕಣ್ಣು ತೇವವಾಗಿತ್ತು. ಆದರೂ ಮನಸ್ಸು ತಡೆಯಲಿಲ್ಲ.

"ಪಾಪ, ಆ ಹೆಣ್ಣುಮಗಳು," ಎಂದ. "ಆದರೆ ಬುದ್ಧೀ, ಅವರಿಬ್ಬರು ಆಡಿದ ಮಾತುಗಳಲ್ಲಿ ಯಾರದು ಸರಿ ಅಂತ ತಾವು ಹೇಳಲಿಲ್ಲ. ಅದನ್ನು ಹೇಳಿದರೆ ಶಿವನಂಜಪ್ಪನವರ ಹತ್ತಿರ ಹೋಗಿ ಹೇಳಬಹುದು."

ಗುರುಗಳು ಆಗ ಕಣ್ಣು ತೆರೆದರು. ಹೊರಗೆ ಜಗಲಿಯ ಮೇಲೆ ಗುಜುಗುಜು ನಿಂತಿತ್ತು. ಎಲೆ ಹಾಕಿಕೊಂಡು ಕೂತವರಿಗೆ ಮಾತಾಡುವ ತ್ರಾಣವೂ ಉಳಿದಿರಲಿಲ್ಲ. ಬೋರಣ್ಣನ ಬೈಗುಳವೂ ಕೇಳುತ್ತಿರಲಿಲ್ಲ. ಗುರುಗಳು ಶಿಷ್ಯನ ಮುಖ ನೋಡಿದರು, ಆಮೇಲೆ ಅವನ ಸೊಂಟವನ್ನು ನೋಡಿದರು. ಬೀಗದ ಕೈಯನ್ನು ತಿರುವುತ್ತಿದ್ದ ಮರುಳಸಿದ್ಧನ ಬೆರಳು ನಿಂತಿತು.

"ನಮ್ಮ ಉಗ್ರಾಣಕ್ಕೂ ಎರಡು ಬೀಗ, ಮಗಾ, ಇವತ್ತು ಇನ್ನೂ ಒಲೆ ಹಚ್ಚಿಲ್ಲ."